ಆರು ಗಂಟೆಯ ಚಿಲಕ

ಜೂನ್ 12

ಸೊಸೆಗೆ ಮಾವನ ಆಶೀರ್ವಾದ.

ಫೋನಿನಲ್ಲಾದರೆ ನಾನು ಕೂಗುತ್ತೇನೆ, ಬರೆದರೆ ಪುಟ ಮುಗಿಯುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ ಎಂದು ಹೇಳಿ, ಹೊರಡುವಾಗ ಒಂದು ಕಟ್ಟು ಕಾಗದ ಕೈಗಿಟ್ಟು ಹೋದೆಯಲ್ಲ, ಅದರಲ್ಲಿ ಇದು ಮೊದಲನೆಯದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ, ಹೊಟ್ಟೆಗೆ ಹಾಕಿಕೊ.

ಬೀಗಿತ್ತಿಯ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯೇ? ನಿನ್ನ ತಾಯಿ ನಡೆಯುವವರೆಗೂ ನೀನು ಅಲ್ಲೇ ಇರು, ಇಲ್ಲಿನ ಚಿಂತೆ ಬಿಡು. ನನ್ನ ಮಗರಾಯ ಅಲ್ಲಿ ಪಾತ್ರೆ ತೊಳೆಯುತ್ತಿದ್ದಾನೆಂದರೆ ನಿನ್ನ ಅತ್ತೆ ನಂಬುತ್ತಿಲ್ಲ. ಫೋಟೊ ಬೇಕಂತೆ.

ನಿನ್ನೆ ಬುಧವಾರ, ಎಲ್ಲರೂ ‘ಪಾಸ್ಟರಮ್ಮ’ ಎನ್ನುವ ನೀನಿಲ್ಲದ ಮೊದಲ ಪ್ರಾರ್ಥನಾ ಕೂಟ ನಡೆಸಿದೆ. ಸೈಕಲ್ ಅಂಗಡಿಯ ಮೇಲಿನ ನಮ್ಮ ಕೋಣೆ ಗುಡಿಸಿ, ಚಾಪೆ ಹಾಸಿ, ಐದೂವರೆಗೇ ಹೋಗಿ ಕುಳಿತೆ. ಆರಕ್ಕೆ ಸರಿಯಾಗಿ ಬಂದವರು ಐದು ಜನ. ಉಳಿದ ಆರು ಜನ ಮದುವೆ ಊಟಕ್ಕೆ ಬಂದ ಹಾಗೆ ಒಬ್ಬೊಬ್ಬರಾಗಿ ಆರೂ ಕಾಲರವರೆಗೂ ಬರುತ್ತಲೇ ಇದ್ದರು. ನಲವತ್ತು ವರ್ಷ ಮಿಲ್ಲಿನ ಗೇಟಿನಲ್ಲಿ ಟೈಂಕೀಪರ್ ಆಗಿದ್ದವನು ನಾನು. ಸೈರನ್ ಊದಿ ಗೇಟು ಎಳೆದೆನೆಂದರೆ ಮ್ಯಾನೇಜರ್ ಬಂದರೂ ತೆಗೆಯುತ್ತಿರಲಿಲ್ಲ. ಜನ ಬೆನ್ನ ಹಿಂದೆ ನನ್ನನ್ನೇ ‘ಸೈರನ್’ ಎನ್ನುತ್ತಾರೆಂದು ಗೊತ್ತು. ಅನ್ನಲಿ.

ಇನ್ನು ನಿನ್ನ ಆ ಇಸ್ತ್ರಿಯವನು. ಎರಡು ವರ್ಷದಿಂದ ಬರುತ್ತಿದ್ದಾನೆ, ಮೂಲೆಯಲ್ಲಿ ಕೂತು ನೆಲ ನೋಡುತ್ತಾನೆ. ಬಾಯಿಂದ ಒಂದು ‘ಆಮೆನ್’ ಕೂಡ ಉದುರಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಿದೆ. ಮಿಲ್ಲಿನಲ್ಲಿ ಎರಡು ವರ್ಷಕ್ಕೆ ಹೆಲ್ಪರ್ ಫಿಟ್ಟರ್ ಆಗಿಬಿಡುತ್ತಿದ್ದ.

ನವೆಂಬರಿನಲ್ಲಿ ದೊಡ್ಡ ಸಭೆಯ ಹಿರಿಯ ಪಾಸ್ಟರ್ ಬಂದು ನೋಡುತ್ತಾರೆ. ಬೆಳವಣಿಗೆ ಕಾಣದಿದ್ದರೆ ಈ ಕೋಣೆ ಮುಚ್ಚಿ ಎಲ್ಲರೂ ಸೇತುವೆಯಾಚೆ ದೊಡ್ಡ ಸಭೆಗೇ ಹೋಗಬೇಕೆಂದು ಹೇಳಿದ್ದಾರೆ. ಎರಡು ಬಸ್ಸು ಬದಲಿಸಿ ನಮ್ಮವರಲ್ಲಿ ಯಾರು ಹೋದಾರು? ನಾಲ್ಕು ವರ್ಷ ಮನೆಮನೆಯ ಬಾಗಿಲು ತಟ್ಟಿ ನೀನು ಕೂಡಿಸಿದ ಜನ ಚೆಲ್ಲಾಪಿಲ್ಲಿಯಾಗುತ್ತಾರೆ. ಹಾಗಾಗಲು ನಾನು ಬಿಡುವುದಿಲ್ಲ. ನೀನು ಬಿಟ್ಟುಹೋದ ಹನ್ನೊಂದನ್ನು ಇಪ್ಪತ್ತೆರಡು ಮಾಡಿ ನಿನ್ನ ಕೈಗೆ ಕೊಡುತ್ತೇನೆ.

ಪುಟ ಮುಗಿಯಿತು. ಸಿಟ್ಟು ಇಳಿದಿಲ್ಲ.

ನಿನ್ನ ಮಾವ


ಜೂನ್ 21

ಮಾವನವರಿಗೆ ವಂದನೆಗಳು.

ಅಮ್ಮ ಇವತ್ತು ವಾಕರ್ ಹಿಡಿದು ಹಾಸಿಗೆಯಿಂದ ಕಿಟಕಿಯವರೆಗೆ ನಡೆದರು. ಏಳು ಹೆಜ್ಜೆ. ಎಂಟನೆಯದಕ್ಕೆ ನಾನು ಅವಸರ ಮಾಡಿದೆ. “ಏನೇ, ನಿಮ್ಮ ಮಾವನ ಹತ್ರ ಟ್ರೇನಿಂಗ್ ತಗೊಂಡು ಬಂದಿದೀಯಾ?” ಎಂದು ಬೈಸಿಕೊಂಡೆ. ಪಾತ್ರೆ ತೊಳೆಯುವ ಫೋಟೊ ಇದರ ಜೊತೆ ಇಟ್ಟಿದ್ದೇನೆ. ಒಡೆದ ಲೋಟಗಳು ಫೋಟೊದಲ್ಲಿ ಬಂದಿಲ್ಲ.

ಮಾವ, ಆಸ್ಪತ್ರೆಯ ಆಯಾಗೆ ಡ್ಯೂಟಿ ಮುಗಿಯುವುದೇ ಆರಕ್ಕೆ. ಬೇಕರಿಯ ಗಂಡಹೆಂಡಿರು ಕೊನೆಯ ಬ್ರೆಡ್ ಒಲೆಯಿಂದ ತೆಗೆದು ಬರಬೇಕು. ಇಸ್ತ್ರಿಯವರ ಹತ್ತಿರ ಬಟ್ಟೆ ಕೊಂಡೊಯ್ಯಲು ಜನ ಬರುವುದೇ ಸಂಜೆ. ಅವರು ಓಡಿಬರುವುದನ್ನು ನೀವು ಮೇಲಿನಿಂದ ನೋಡಿಲ್ಲ, ನಾನು ನೋಡಿದ್ದೇನೆ.

ಇಸ್ತ್ರಿಯವರು ಮೊದಲ ಆರು ತಿಂಗಳು ಕೆಳಗೆ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದು ಹಾಗೇ ಎದ್ದು ಹೋಗುತ್ತಿದ್ದರು. ಮೇಲೆ ಹತ್ತಿ ಬಂದದ್ದೇ ದೊಡ್ಡದು. ನಾನು ಅವರನ್ನು ಈವರೆಗೆ ಏನೂ ಕೇಳಿಲ್ಲ. ಬಿತ್ತುವುದು, ನೀರು ಹಾಕುವುದು ನಮ್ಮ ಕೆಲಸ, ಬೆಳೆಸುವುದು ನಮ್ಮದಲ್ಲ ಎಂದು ನಿಮಗೆ ನಾನು ಹೇಳಿಕೊಡಬೇಕೇ? ನನಗೇನೂ ತಾಳ್ಮೆ ಹುಟ್ಟಿನಿಂದ ಬಂದದ್ದಲ್ಲ. ಎಷ್ಟೋ ಬುಧವಾರ ಕೂಟದಿಂದ ಬಂದು ಅಳು ಬರುತ್ತಿತ್ತು, ನಿಮಗೆ ತಿಳಿಯಬಾರದೆಂದು ಈರುಳ್ಳಿ ಹೆಚ್ಚುತ್ತ ಕೂರುತ್ತಿದ್ದೆ. ಈ ಮನೆಯಲ್ಲಿ ಇಷ್ಟು ಈರುಳ್ಳಿ ಯಾಕೆ ಖರ್ಚಾಗುತ್ತದೆಂದು ನೀವು ಒಮ್ಮೆ ರೇಗಿದ್ದಿರಿ, ನೆನಪಿದೆಯೇ?

ಅವರನ್ನು ಅವರ ಪಾಡಿಗೆ ಬಿಡಿ, ದಯವಿಟ್ಟು.

ನಿಮ್ಮ ಸೊಸೆ


ಜುಲೈ 10

ಸೊಸೆಗೆ,

ನಿನ್ನ ಕಾಗದ ಬರುವುದಕ್ಕೆ ಮುಂಚೆಯೇ ಆಗಬಾರದ್ದು ಆಗಿತ್ತು. ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಬರೆಯುತ್ತೇನೆ.

ಹಾಡು ಮುಗಿದ ಮೇಲೆ ನಾನು ಇಸ್ತ್ರಿಯವನ ಕಡೆ ಬೆರಳು ತೋರಿಸಿ, “ಇವತ್ತು ನೀನು ಪ್ರಾರ್ಥನೆ ಮಾಡು” ಎಂದೆ. ಎದ್ದು ನಿಂತ. ಕೈ ಹಿಸುಕಿಕೊಂಡ. ಹಣೆಯ ಮೇಲೆ ಬೆವರು. ಗಡಿಯಾರ ನೋಡಿದೆ, ಮೂರು ನಿಮಿಷ. ನಿನ್ನ ಅತ್ತೆ ನನ್ನ ಅಂಗಿ ಎಳೆದಳು. ನಾನು ಕೈ ಕೊಡವಿ, “ಎರಡು ವರ್ಷ ಕೇಳಿದ್ರೆ ಕಲ್ಲಿಗೂ ಬಾಯಿ ಬರ್ತಿತ್ತು!” ಎಂದುಬಿಟ್ಟೆ.

ಅವನು ತಲೆ ತಗ್ಗಿಸಿ, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಹೋದ. ಆಮೇಲೆ ಒಳಗೆ ಕಾಲಿಟ್ಟಿಲ್ಲ.

ಬಾಯಿ ಜಾರಿತು, ಒಪ್ಪುತ್ತೇನೆ. ಆದರೆ ಇನ್ನೊಂದು ಕೆಲಸ ಸರಿಯಾಗಿಯೇ ಮಾಡಿದ್ದೇನೆ. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಚಿಲಕ ಹಾಕಿದೆ, ನಾನೇ ಸ್ಕ್ರೂ ತಿರುಗಿಸಿ. ಆರು ಹೊಡೆದರೆ ಚಿಲಕ ಬೀಳುತ್ತದೆ, ಏಳಕ್ಕೆ ತೆರೆಯುತ್ತದೆ. ಕರ್ತನ ಹತ್ತಿರ ಬರುವವರಿಗೆ ಹೊತ್ತಿನ ಅರಿವು ಬೇಡವೇ? ನಿನ್ನೆ ಏಳು ಜನ ಒಳಗಿದ್ದರು. ಹೊರಗೆ ಯಾರೋ ಎರಡು ಸಲ ತಟ್ಟಿ ಸುಮ್ಮನಾದರು. ಮುಂದಿನ ವಾರ ಬೇಗ ಬರುತ್ತಾರೆ ನೋಡು. ಶಿಸ್ತು ಬಂದರೆ ಬೆಳವಣಿಗೆ ತಾನಾಗಿ ಬರುತ್ತದೆ.

ಮಾವ


ಜುಲೈ 19

ಮಾವನವರಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ನೀವೇ ಹೇಳಿದಂತೆ ಪುಟ ಮುಗಿದರೂ ಸಿಟ್ಟು ಇಳಿಯುತ್ತಿರಲಿಲ್ಲ.

ಇಷ್ಟೇ ಕೇಳುತ್ತೇನೆ. ಅವರ ಅಂಗಡಿಗೆ ಹೋಗಿ ಬನ್ನಿ.

ಅಮ್ಮ ಈಗ ಅಡುಗೆಮನೆಯವರೆಗೆ ನಡೆಯುತ್ತಾರೆ.

ನಿಮ್ಮ ಸೊಸೆ


ಆಗಸ್ಟ್ 21

ಸೊಸೆಗೆ,

ನಿನ್ನ ನಾಲ್ಕು ಸಾಲು ಜೇಬಿನಲ್ಲಿಟ್ಟುಕೊಂಡು ಹದಿನೈದು ದಿನ ತಿರುಗಿದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಕೊನೆಗೆ ಹೋದೆ. ಸುಮ್ಮನೆ ಹೋಗುವುದು ಹೇಗೆ? ಒಂದು ಬಿಳಿ ಶರ್ಟು ಕಂಕುಳಲ್ಲಿಟ್ಟುಕೊಂಡು ಹೋದೆ. “ತಪ್ಪಾಯಿತು” ಎನ್ನುವುದು ಎರಡು ಸೆಕೆಂಡಿನ ಮಾತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅಲ್ಲಿ ನಿಂತರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಯಿತು. ಅವನು ಶರ್ಟು ತೆಗೆದುಕೊಂಡ, ನೀರು ಚಿಮುಕಿಸಿದ, ಸುರುಳಿ ಸುತ್ತಿ ಪಕ್ಕಕ್ಕಿಟ್ಟ.

“ಇನ್ನೂ ಯಾಕೆ ಕಾಯ್ತೀಯಾ? ಪೆಟ್ಟಿಗೆ ಕಾದಿದೆಯಲ್ಲ, ಇಟ್ಟು ಎಳಿ” ಎಂದೆ.

“ತೇವ ಒಳಗಿಳೀಬೇಕು ಯಜಮಾನ್ರೇ. ಈಗ್ಲೇ ಎಳೆದ್ರೆ ಮೇಲೆ ನೀಟಾಗಿ ಕಾಣುತ್ತೆ, ಹಾಕ್ಕೊಂಡು ಎರಡ್ಹೆಜ್ಜೆ ನಡೆದ್ರೆ ಸುಕ್ಕು ವಾಪಸ್ ಬರುತ್ತೆ.”

ಎರಡು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಇದು. ಕೂತೆ. ಕೂಟಕ್ಕೆ ಯಾಕೆ ಬರುತ್ತಿಲ್ಲ ಎಂದು ಕೇಳಿದೆ.

“ಬರ್ತಾನೇ ಇದೀನಲ್ಲ” ಎಂದ, ತಲೆ ಎತ್ತದೆ.

ಹೇಗಿದೆ ನೋಡು! ಬಿಳಿ ಶರ್ಟಿನ ಮೇಲೆ ಕೈಯಿಟ್ಟು ಹಸಿ ಸುಳ್ಳು. ರೇಗಿ ಎದ್ದು ಬಂದೆ. ಮನೆಗೆ ಬಂದು ನಿನ್ನ ಅತ್ತೆಗೆ ಹೇಳಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನೆಗಡಿಯಂತೆ.

ಕೂಟದ ಸುದ್ದಿ ಹೇಳಲು ನಾಚಿಕೆಯಾಗುತ್ತದೆ. ನಿನ್ನೆ ಒಳಗಿದ್ದವರು ಮೂವರು. ಕಿವಿ ಕೇಳದ ಅಜ್ಜಿ, ಫ್ಯಾನಿನ ಗಾಳಿಗೆಂದು ಬರುವ ರಿಟೈರ್ಡ್ ಪೋಸ್ಟ್‌ಮನ್, ಮತ್ತೆ ನಾನು. ನಿನ್ನ ಅತ್ತೆಯೂ ಆರಕ್ಕೆ ಎರಡು ನಿಮಿಷ ಇರುವಾಗ “ಒಲೆ ಆರಿಸಿದ್ನೋ ಇಲ್ವೋ, ನೋಡಿ ಬರ್ತೀನಿ” ಎಂದು ಹೋಗುತ್ತಾಳೆ, ವಾಪಸು ಬರುವಷ್ಟರಲ್ಲಿ ಚಿಲಕ ಬಿದ್ದಿರುತ್ತದೆ. ನಿಯಮ ಎಂದರೆ ನಿಯಮ, ಹೆಂಡತಿಗೂ ತೆಗೆಯುವುದಿಲ್ಲ. ಐದು ವಾರದಿಂದ ಅವಳಿಗೆ ಒಲೆಯದೇ ಅನುಮಾನ. ವಯಸ್ಸಾಯಿತು, ಮರೆವು.

ಮಾವ


ಸೆಪ್ಟೆಂಬರ್ 6

ಮಾವನವರಿಗೆ ವಂದನೆಗಳು.

ನೀವು ಅಂಗಡಿಯಲ್ಲಿ ಕೂತದ್ದು ಓದಿ ಅಮ್ಮನಿಗೂ ಓದಿ ಹೇಳಿದೆ. ಅವರು, “ನಿಮ್ಮ ಮಾವ ಕೂತ್ರಾ? ಎಷ್ಟು ಹೊತ್ತು?” ಎಂದು ಎರಡು ಸಲ ಕೇಳಿದರು.

ಅತ್ತೆಯ ಕಾಗದವೂ ಬಂತು. ಅದರಲ್ಲಿರುವುದನ್ನು ನಿಮಗೆ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದಾರೆ. ಓದಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ, ಕೊನೆಗೆ ಕಣ್ಣಲ್ಲಿ ನೀರೂ ಬಂತು. ಈ ಸಲ ಈರುಳ್ಳಿ ಬೇಕಾಗಲಿಲ್ಲ. ಅವರ ನೆನಪಿನ ಶಕ್ತಿಯ ಬಗ್ಗೆ ನೀವು ಚಿಂತಿಸಬೇಡಿ.

ಶರ್ಟು ಇನ್ನೊಂದು ಸಲ ಕೊಟ್ಟು ನೋಡಿ.

ನಿಮ್ಮ ಸೊಸೆ


ಅಕ್ಟೋಬರ್ 16

ಸೊಸೆಗೆ,

ಅತ್ತೆ ಸೊಸೆ ಸೇರಿ ಏನೋ ಮಸಲತ್ತು ಮಾಡಿದ್ದೀರಿ. ಕೇಳಿದರೆ ಇವಳು ಅಡುಗೆಯ ಮಾತು ತೆಗೆಯುತ್ತಾಳೆ. ಮಾಡಿಕೊಳ್ಳಿ.

ಶರ್ಟು ಒಂದು ಸಲವಲ್ಲ, ಪ್ರತಿ ಸೋಮವಾರ ಕೊಡುತ್ತಿದ್ದೇನೆ. ಅದೇ ಶರ್ಟು. ತೊಳೆದು, ಹಿಂಡಿ, ಬೇಕೆಂದೇ ಮುದುರಿ ಒಯ್ಯುತ್ತೇನೆ. ಅವನು ನೀರು ಚಿಮುಕಿಸಿ ಸುತ್ತಿಡುತ್ತಾನೆ, ನಾನು ಸ್ಟೂಲಿನ ಮೇಲೆ ಕೂರುತ್ತೇನೆ. ಮೊದಮೊದಲು ಕೈಗಡಿಯಾರ ನೋಡುತ್ತಿದ್ದೆ. ಈಗ ಅವನ ಕೈ ನೋಡುತ್ತೇನೆ. ಮಗುವಿನ ಮೈ ಸವರುವ ಹಾಗೆ ಕಾಲರ್ ಸವರುತ್ತಾನೆ. ಹೇಳಬೇಕಾದ್ದು ಮಾತ್ರ ಇನ್ನೂ ಹೇಳಿಲ್ಲ. ಎರಡು ತಿಂಗಳಾಯಿತು. ಬಾಯಿಲ್ಲದವನು ಎಂದು ಯಾರನ್ನು ಬೈದೆನೋ ಅವನ ಮುಂದೆಯೇ ನನಗೆ ಬಾಯಿಲ್ಲ.

ಮಗಳೇ, ನನ್ನಿಂದ ಆಗಲಿಲ್ಲ. ಇಷ್ಟು ವರ್ಷ ಜನರನ್ನು ಸಾಲಿನಲ್ಲಿ ನಿಲ್ಲಿಸಿದ್ದೇನೆ, ಅದಕ್ಕೆ ಎಲ್ಲವೂ ಹಾಗೇ ಆಗುತ್ತದೆಂದುಕೊಂಡೆ. ಹನ್ನೊಂದು ಜನ ಕೊಟ್ಟುಹೋದೆ, ಇಬ್ಬರು ಉಳಿದಿದ್ದಾರೆ, ಅದರಲ್ಲಿ ಒಬ್ಬರಿಗೆ ನಾನು ಓದುವುದು ಕೇಳಿಸುವುದಿಲ್ಲ, ಇನ್ನೊಬ್ಬ ಗೊರಕೆ ಹೊಡೆಯುತ್ತಾನೆ. ನವೆಂಬರ್ ಹನ್ನೆರಡಕ್ಕೆ ಹಿರಿಯ ಪಾಸ್ಟರ್ ಬರುತ್ತಾರೆ. ಕೋಣೆಯ ಬೀಗದ ಕೈ ಅವರಿಗೇ ಕೊಟ್ಟುಬಿಡುತ್ತೇನೆ. ನಿನ್ನ ನಾಲ್ಕು ವರ್ಷವನ್ನು ಐದು ತಿಂಗಳಲ್ಲಿ ಹಾಳುಮಾಡಿದ ಮುದುಕ ಎಂದು ನೀನು ನನ್ನನ್ನು ಅನ್ನುವುದಿಲ್ಲ, ಅದೇ ಕಷ್ಟ.

ರಾತ್ರಿ ಮಲಗುವ ಮುಂಚೆ ಅವನಿಗಾಗಿ ಪ್ರಾರ್ಥಿಸುತ್ತೇನೆ. ಬಾಯಿ ಬರಲಿ ಎಂದಲ್ಲ. ಸುಮ್ಮನೆ, ಅವನಿಗಾಗಿ.

ಮಾವ


ನವೆಂಬರ್ 13

ಸೊಸೆಗೆ, ಬೀಗಿತ್ತಿಗೆ, ಪಾತ್ರೆ ತೊಳೆಯುವವನಿಗೆ, ಎಲ್ಲರಿಗೂ,

ಕೂತುಕೊಂಡು ಓದಿರಿ. ಬೀಗಿತ್ತಿಯವರಿಗೆ ದಿಂಬು ಕೊಟ್ಟು ಓದಿ ಹೇಳು. ನಗುವಾಗ ಸೊಂಟ ಜೋಪಾನ.

ನಿನ್ನೆ ಬಿಳಿ ಶರ್ಟು ಹಾಕಿಕೊಂಡು ಐದಕ್ಕೇ ಹೋಗಿ ಕುಳಿತೆ. ನಿನ್ನ ಅತ್ತೆ ಎಂದಿನಂತೆ ಒಲೆ ನೋಡಲು ಹೋದಳು. ಆರು ಹೊಡೆಯಿತು. ಹಿರಿಯ ಪಾಸ್ಟರ್ ಇನ್ನೂ ಬಂದಿಲ್ಲ! ಒಂದು ಕ್ಷಣ ಕೈ ತಡೆಯಿತು. ಮ್ಯಾನೇಜರಿಗೇ ತೆಗೆಯದವನು ಪಾಸ್ಟರಿಗೆ ತೆಗೆಯುತ್ತೇನೆಯೇ? ಚಿಲಕ ಹಾಕಿದೆ. ಹಾಡಿದೆ, ಅಜ್ಜಿ ಬೇರೆ ಹಾಡು ಹಾಡಿದಳು. ವಾಕ್ಯ ಓದಿದೆ, ಪೋಸ್ಟ್‌ಮನ್ ನಿದ್ದೆಹೋದ. ಆರೂ ನಲವತ್ತಾಯಿತು. ಇನ್ನು ಅವರು ಬರುವುದಿಲ್ಲ, ಬರಲು ಇಲ್ಲಿ ಏನಿದೆ ಎಂದುಕೊಂಡೆ. ನಲವತ್ತು ವರ್ಷದಲ್ಲಿ ಮೊದಲ ಸಲ ಹೊತ್ತಿಗೆ ಮುಂಚೆ ಗೇಟು ಬಿಡೋಣವೆನಿಸಿತು. ಫ್ಯಾನು ಆರಿಸಿದೆ. ಅದರ ಗಡಗಡ ನಿಂತ ಕೂಡಲೇ ಹೊರಗಿನಿಂದ ಒಂದು ದನಿ ಕೇಳಿಸಿತು. ಸದ್ದಾಗದಂತೆ ಚಿಲಕ ಸರಿಸಿ ಬಾಗಿಲು ತೆರೆದೆ.

ಮೆಟ್ಟಿಲ ತುಂಬ ಜನ.

ಮೇಲಿನಿಂದ ಕೆಳಗಿನವರೆಗೂ, ಎಲ್ಲರೂ ಬೀದಿಯ ಕಡೆ ಮುಖ ಮಾಡಿ, ನನಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂತಿದ್ದಾರೆ. ಎಣಿಸಿದೆ, ಅಭ್ಯಾಸ. ಹದಿನಾರು. ಆಯಾ, ಬೇಕರಿಯ ಇಬ್ಬರು, ಕಳೆದುಹೋದರೆಂದು ನಾನು ಕೊರಗುತ್ತಿದ್ದ ಎಲ್ಲರೂ. ನಾನು ಕಂಡೇ ಇರದ ಐದು ಮುಖ. ಕೆಳಗಿನ ಮೆಟ್ಟಿಲಲ್ಲಿ ಕೈಗೆ ಗ್ರೀಸು ಹತ್ತಿದ ಸೈಕಲ್ ಅಂಗಡಿಯವನು. ನಡುವೆ ನಿನ್ನ ಅತ್ತೆ, ಮೈಮೇಲೆ ಹೊಸ ಶಾಲು ಬೇರೆ. ಅವಳ ಪಕ್ಕದಲ್ಲಿ, ಮಡಿಚಿದ ಕರವಸ್ತ್ರದ ಮೇಲೆ ಕೂತಿರುವುದು ಯಾರು? ಹಿರಿಯ ಪಾಸ್ಟರ್! ಆರೂ ಹತ್ತಕ್ಕೆ ಬಂದರಂತೆ. ತಟ್ಟಲು ಹೋದರೆ ಇವಳು, “ಅಯ್ಯೋ, ತಟ್ಟಿದ್ರೆ ತೆಗೆಯೋರಲ್ಲ ಅವರು, ಇಲ್ಲೇ ಕೂತ್ಕೊಳ್ಳಿ, ಇಲ್ಲೂ ಕೂಟ ನಡೆಯುತ್ತೆ” ಎಂದಳಂತೆ.

ಪ್ರಾರ್ಥನೆ ಮಾಡುತ್ತಿದ್ದವನು ಇಸ್ತ್ರಿಯವನು.

ನಿಂತು ನಿಂತು ಮಾತಾಡುತ್ತಿದ್ದ, ಎರಡು ಮಾತಿನ ನಡುವೆ ಒಂದು ಲಾರಿ ಹೋಗುವಷ್ಟು ಜಾಗ. “ಕರ್ತನೇ... ಆಯಾಮ್ಮನ ಮಗಳಿಗೆ ಜ್ವರ ಬಿಡ್ತು, ಸ್ತೋತ್ರ. ಪಾಸ್ಟರಮ್ಮನ ತಾಯಿ ಮೆಟ್ಟಿಲು ಹತ್ತೋ ಹಾಗಾಗ್ಲಿ.” ಆಮೇಲೆ ಬಹಳ ಹೊತ್ತು ಸುಮ್ಮನಿದ್ದ. ಮುಗಿಯಿತೆಂದು ನಾನು ಕೆಮ್ಮಬೇಕೆಂದಿದ್ದೆ. ಕೆಮ್ಮಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ.

“ಒಳಗಿರೋ ಯಜಮಾನ್ರು... ಪ್ರತಿ ವಾರ ಅದೇ ಶರ್ಟು ತರ್ತಾರೆ. ಏನೋ ಹೇಳ್ಬೇಕು ಅಂತ ಬರ್ತಾರೆ, ಹೇಳೋಕಾಗಲ್ಲ. ನನ್ ಹಾಗೇನೇ. ನಂಗೆ ಇಲ್ಲಿ ಮಾತು ಕೊಟ್ಟೆಯಲ್ಲ, ಅವರಿಗೂ ಕೊಡು. ಈಗ್ಲೇ ಆಗ್ಬೇಕು ಅಂತೇನಿಲ್ಲ. ನಾವು ಕಾಯ್ತೀವಿ.”

ನಾನು “ಆಮೆನ್” ಎಂದೆ.

ಮೆಲ್ಲಗೆ ಎನ್ನಬೇಕೆಂದೇ ಇತ್ತು. ಮಿಲ್ಲಿನ ಸೈರನ್ ಊದಿದಂತೆ ಬಂತು. ಹದಿನಾರು ಜನ ಒಟ್ಟಿಗೆ ಹಾರಿಬಿದ್ದರು. ಹಿರಿಯ ಪಾಸ್ಟರ್ ಒಂದು ಮೆಟ್ಟಿಲು ಕೆಳಗೆ ಜಾರಿ ಬೇಕರಿಯವನ ಬೆನ್ನಿಗೆ ಬಿದ್ದರು. ಒಳಗಿನಿಂದ ಪೋಸ್ಟ್‌ಮನ್ “ಯಾರು, ಯಾರು?” ಎಂದು ಎದ್ದ. ಕಿವಿ ಕೇಳದ ಅಜ್ಜಿಗೂ ಕೇಳಿಸಿತು ಎಂದರೆ ಲೆಕ್ಕ ಹಾಕಿಕೊ.

ಆಗ ಮುಳ್ಳು ಇಳಿಯಿತು ನೋಡು. ಅಷ್ಟೂ ಜನರ ಮುಂದೆ ಮೆಟ್ಟಿಲ ಮೇಲೆ ನಿಂತು ಹೇಳಿದೆ. “ತಪ್ಪಾಯ್ತಪ್ಪ. ಅವತ್ತು ನಿಂಗೆ ಕಲ್ಲು ಅಂದೆ. ಕಲ್ಲು ನಾನು.”

ಅವನು ನೆಲ ನೋಡಿದ. ಆಮೇಲೆ, “ಶರ್ಟು ಸುಕ್ಕಾಗಿದೆ ಯಜಮಾನ್ರೇ, ಬಿಚ್ಚಿ ಕೊಡಿ” ಎಂದ. ಆಗ ಎಲ್ಲರೂ ನಕ್ಕದ್ದು ಸೇತುವೆಯಾಚೆಗೂ ಕೇಳಿಸಿರಬೇಕು.

ಚಿಲಕ ಬಿದ್ದ ಮೊದಲ ವಾರ ಆಯಾ ಮತ್ತು ಅವನು ಹೊರಗೆ ಉಳಿದರಂತೆ. ಬಾಗಿಲ ಮೇಲಿನ ಜಾಲರಿಯಿಂದ ನಾನು ಓದುವುದು ಚೆನ್ನಾಗಿ ಕೇಳುತ್ತದಂತೆ, ನನ್ನ ಗಂಟಲಿಗೆ ಅದೊಂದು ಹೊಗಳಿಕೆ. ಆಯಾ ಮಗಳ ಜ್ವರಕ್ಕೆ ಅಳುತ್ತಿದ್ದಳು. ಪ್ರಾರ್ಥಿಸಲು ಬೇರೆ ಯಾರೂ ಇರಲಿಲ್ಲ, ಮೆಟ್ಟಿಲಲ್ಲಿ ಮುಖ ನೋಡುವವರೂ ಇರಲಿಲ್ಲ, ಮುಂದೆ ಕೂತವರ ಬೆನ್ನಷ್ಟೇ. ಅವನ ಬಾಯಿ ತೆರೆಯಿತು. ಮತ್ತೆ ಒಬ್ಬೊಬ್ಬರಾಗಿ ಬಂದರು. ಏಳಕ್ಕೆ ಸರಿಯಾಗಿ ನಾನು ಚಿಲಕ ತೆಗೆಯುತ್ತೇನೆಂದು ಗೊತ್ತಿದ್ದರಿಂದ ಐದು ನಿಮಿಷ ಮುಂಚೆ ಇಳಿದು ಹೋಗುತ್ತಿದ್ದರು. ನನ್ನನ್ನು ಕಂಡರೆ ಅವನು ಮತ್ತೆ ಬಾಯಿ ಮುಚ್ಚಿಕೊಂಡಾನೆಂದು ನಿನ್ನ ಅತ್ತೆ ಎಲ್ಲರ ಬಾಯಿಗೂ ಬೀಗ ಹಾಕಿದ್ದಳು.

“ಹಾಗಾದ್ರೆ ನಾನು ಚಿಲಕ ಹಾಕಿದ್ದೇ ಒಳ್ಳೇದಾಯ್ತಲ್ಲ!” ಎಂದೆ.

“ಸುಮ್ನಿರಿ” ಎಂದಳು ನಿನ್ನ ಅತ್ತೆ.

ಹಿರಿಯ ಪಾಸ್ಟರ್ ಪ್ಯಾಂಟಿನ ಧೂಳು ಕೊಡವಿಕೊಂಡು ಕೋಣೆಯೊಳಗೆ ಬಂದರು. ಬೀಗದ ಕೈ ಮುಂದೆ ಹಿಡಿದೆ. “ಇದ್ಯಾಕೆ ನಂಗೆ? ಇನ್ನೆರಡು ಚಾಪೆ ಕಳಿಸ್ತೀನಿ, ಹಾಸ್ಕೊಳ್ಳಿ” ಎಂದರು. ಇಪ್ಪತ್ತೆರಡಾಗಲಿಲ್ಲ. ಆದದ್ದರಲ್ಲಿ ಒಬ್ಬರನ್ನೂ ನಾನು ಕರೆತಂದದ್ದಲ್ಲ.

ಚಿಲಕವನ್ನು ರಾತ್ರಿಯೇ ಬಿಚ್ಚಿದೆ.

ಕುಣಿದು ಕಾಲು ನೋಯುತ್ತಿರುವ ನಿನ್ನ ಮಾವ


ನವೆಂಬರ್ 20

ಮಗಳೇ,

ಬೀಗಿತ್ತಿಯವರು ಮೆಟ್ಟಿಲು ಹತ್ತಿದರೆಂದು ಓದಿ ನಿನ್ನ ಅತ್ತೆ ಓಣಿಗೆಲ್ಲ ಹೇಳಿಬಂದಳು.

ನಿನ್ನೆ ಹೊಸ ಚಾಪೆ ಹಾಸಿ ಎಲ್ಲರೂ ಒಳಗೇ ಕೂತೆವು. ಬಾಗಿಲು ತೆರೆದಿತ್ತು, ಬರುವವರು ಬರುತ್ತಿದ್ದರು. ಹಾಡು ಮುಗಿದ ಮೇಲೆ ಎಲ್ಲರೂ ಇಸ್ತ್ರಿಯವನ ಕಡೆ ನೋಡಿದರು. ಅವನು ಮೊದಲಿನ ಹಾಗೇ ಮೂಲೆಯಲ್ಲಿ ಕೂತು, ಮೊದಲಿನ ಹಾಗೇ ನೆಲ ನೋಡಿದ. ಒಂದು ಶಬ್ದ ಬರಲಿಲ್ಲ. ಇಷ್ಟೆಲ್ಲ ಆಗಿ, ಒಳಗೆ ಬಂದರೆ ಮತ್ತೆ ಅದೇ ಕತೆ!

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತೆ. ಗೋಡೆಗೆ ಒರಗಿ ನಾನೂ ನೆಲ ನೋಡಿದೆ. ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು. ಅವನ ಮೊಣಕೈ ನನ್ನದಕ್ಕೆ ತಾಗುತ್ತಿತ್ತು, ಬೆಚ್ಚಗಿತ್ತು. ಹಾಗೇ ಕೂತಿದ್ದೆವು. ಹೊಟ್ಟೆ ತುಂಬಿದ ಹಾಗಿತ್ತು ಮಗಳೇ, ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಎಷ್ಟು ಹೊತ್ತು ಕೂತೆವೆಂದು ನಿನ್ನ ಅತ್ತೆ ಮನೆಗೆ ಬಂದು ಕೇಳಿದಳು. ಗೊತ್ತಿಲ್ಲ ಎಂದೆ.

ನಿನ್ನ ಮಾವ